ಷರತ್ತುಗಳನ್ನು ಓದಿದರಷ್ಟೇ ಸಾಲದು, ಎದುರುಬದುರಾಗಿ ಇಟ್ಟು ನೋಡಬೇಕು

ಸಂಪಾದಕರಿಗೆ,

ಮಾನ್ಯರೇ,

ಸಾಲ, ವಿಮೆ, ಮನೆ ಖರೀದಿ, ಉದ್ಯೋಗ, ಮೊಬೈಲ್ ಆ್ಯಪ್ ಹೀಗೆ ಯಾವುದೇ ಕರಾರಿನ ವಿಚಾರದಲ್ಲಿ ತಕರಾರು ಎದ್ದಾಗ ಮೊದಲು ಕೇಳಿಬರುವ ಮಾತು ‘ಸಹಿ ಹಾಕುವ ಮುನ್ನ ಪೂರ್ತಿ ಓದಬೇಕಿತ್ತು’ ಎಂಬುದು. ಈ ಮಾತಿನಲ್ಲಿ ಸಹಿ ಹಾಕಿದವರ ಮೇಲೆ ಹೊರಿಸುವ ತಪ್ಪೇ ಹೆಚ್ಚು, ಅವರಿಗೆ ಸಿಗುವ ನೆರವು ತೀರಾ ಕಡಿಮೆ. ಷರತ್ತುಗಳು ನ್ಯಾಯವಾಗಿವೆಯೇ ಎಂದು ತಿಳಿಯಲು ಅವುಗಳನ್ನು ಒಂದಾದ ಮೇಲೊಂದರಂತೆ ಓದಿಕೊಂಡು ಹೋದರೆ ಸಾಲದು. ಇಬ್ಬರೂ ಪಕ್ಷಗಾರರ ಹಕ್ಕು ಮತ್ತು ಹೊಣೆಗಳನ್ನು ಒಂದೇ ಹಾಳೆಯ ಮೇಲೆ, ಒಂದೇ ಅಳತೆಯಲ್ಲಿ, ಎದುರುಬದುರಾಗಿ ಚಿತ್ರಿಸಿ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಹಾಳೆಯನ್ನು ಸಿದ್ಧಪಡಿಸುವ ಹೊಣೆ ಕರಾರಿನ ಕರಡು ಬರೆದವರದಾಗಬೇಕು ಎಂಬ ಬೇಡಿಕೆಯನ್ನೂ ತಮ್ಮ ಪತ್ರಿಕೆಯ ಮೂಲಕ ಮುಂದಿಡಲು ಬಯಸುತ್ತೇನೆ.

ಷರತ್ತುಗಳನ್ನು ಯಾರೂ ಓದುವುದಿಲ್ಲ ಎಂಬುದು ಈಗ ಬರೀ ಊಹೆಯಾಗಿ ಉಳಿದಿಲ್ಲ. ಆನ್‌ಲೈನ್‌ನಲ್ಲಿ ಸಾಫ್ಟ್‌ವೇರ್ ಕೊಳ್ಳಲು ಬಂದವರ ನಡವಳಿಕೆಯನ್ನು ಪರಿಶೀಲಿಸಿ ಬಾಕೋಸ್, ಮರೋಟಾ-ವುರ್ಗ್ಲರ್ ಮತ್ತು ಟ್ರಾಸೆನ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾವಿರ ಮಂದಿಯಲ್ಲಿ ಪರವಾನಗಿ ಒಪ್ಪಂದದ ಪುಟವನ್ನು ತೆರೆದು ನೋಡಿದವರು ಒಬ್ಬರೋ ಇಬ್ಬರೋ. ಓಬಾರ್ ಮತ್ತು ಓಲ್ಡಾರ್ಫ್-ಹಿರ್ಷ್ ಎಂಬ ಇನ್ನಿಬ್ಬರು ಸಂಶೋಧಕರು ಇಲ್ಲದ ಸಾಮಾಜಿಕ ಜಾಲತಾಣವೊಂದನ್ನು ಪ್ರಯೋಗಕ್ಕೆಂದು ಕಲ್ಪಿಸಿ, ಅದರ ಷರತ್ತುಗಳ ನಡುವೆ ‘ಶುಲ್ಕವಾಗಿ ಮೊದಲ ಮಗುವನ್ನು ಒಪ್ಪಿಸತಕ್ಕದ್ದು’ ಎಂಬ ಅರ್ಥದ ಕಲಮನ್ನು ಸೇರಿಸಿದ್ದರು. ಭಾಗವಹಿಸಿದ 543 ಮಂದಿಯಲ್ಲಿ ಶೇ 98ರಷ್ಟು ಜನ ಅದನ್ನು ಗಮನಿಸಲೇ ಇಲ್ಲ. ಇದನ್ನು ಜನರ ಸೋಮಾರಿತನ ಎಂದು ಕರೆಯಲು ನಾನು ಸಿದ್ಧನಿಲ್ಲ. ಮಾತುಕತೆಗೆ ಅವಕಾಶವೇ ಇಲ್ಲದ, ಒಂದಕ್ಷರವನ್ನೂ ಬದಲಿಸಲು ಬಿಡದ ದಸ್ತಾವೇಜನ್ನು ಓದಲು ಯಾರಾದರೂ ಗಂಟೆಗಟ್ಟಲೆ ಕಾಲ ಏಕೆ ಕಳೆದಾರು?

ಓದಿದವರ ಪಾಡೂ ಹೆಚ್ಚೇನೂ ಬೇರೆಯಲ್ಲ. ಅನ್ಯಾಯವು ಸಾಮಾನ್ಯವಾಗಿ ಒಂದು ವಾಕ್ಯದೊಳಗೆ ಕೂತಿರುವುದಿಲ್ಲ. ಹತ್ತಾರು ಪುಟಗಳ ಅಂತರದಲ್ಲಿರುವ ಎರಡು ವಾಕ್ಯಗಳ ಸಂಬಂಧದಲ್ಲಿ ಅಡಗಿರುತ್ತದೆ. ಬಿಡಿಯಾಗಿ ಓದಿದಾಗ ಎರಡೂ ನಿರುಪದ್ರವಿಯಾಗಿಯೇ ತೋರುತ್ತವೆ. ಹಂಗೇರಿಯ ಸಾಲಗಾರರಿಗೆ ಸಂಬಂಧಿಸಿದ ಕಾಸ್ಲರ್ ಪ್ರಕರಣ ಇದಕ್ಕೆ ನಾನು ಬಲ್ಲ ಅತ್ಯುತ್ತಮ ನಿದರ್ಶನ. ಅಲ್ಲಿ ಸಾಲವನ್ನು ಸ್ವಿಸ್ ಫ್ರಾಂಕ್‌ನ ಲೆಕ್ಕದಲ್ಲಿ ನಮೂದಿಸಲಾಗಿತ್ತು. ಸಾಲದ ಮೊತ್ತವನ್ನು ಬ್ಯಾಂಕು ಆ ಕರೆನ್ಸಿಯನ್ನು ಕೊಳ್ಳುವ ದರದಲ್ಲಿ ಪರಿವರ್ತಿಸಬೇಕೆಂದು ಒಂದು ಷರತ್ತು ಹೇಳುತ್ತಿತ್ತು. ಮರುಪಾವತಿಯ ಕಂತುಗಳನ್ನು ಬ್ಯಾಂಕು ಅದನ್ನು ಮಾರುವ ದರದಲ್ಲಿ ಲೆಕ್ಕ ಹಾಕಬೇಕೆಂದು ಇನ್ನೊಂದು ಷರತ್ತು ಹೇಳುತ್ತಿತ್ತು. ಎರಡೂ ವಾಕ್ಯಗಳು ವ್ಯಾಕರಣದ ದೃಷ್ಟಿಯಿಂದ ಸ್ಪಷ್ಟವಾಗಿದ್ದವು. ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ತೀರ್ಪಿನಲ್ಲಿ ಹೇಳಿದ್ದೇನೆಂದರೆ, ಷರತ್ತು ಸರಳ ಭಾಷೆಯಲ್ಲಿದ್ದರೆ ಸಾಲದು, ಅದರಿಂದ ತನ್ನ ಮೇಲೆ ಬೀಳುವ ಆರ್ಥಿಕ ಪರಿಣಾಮವನ್ನು ಗ್ರಾಹಕನು ತಾನೇ ಅಂದಾಜು ಮಾಡಿಕೊಳ್ಳಲು ಸಾಧ್ಯವಾಗಬೇಕು. ಆ ಎರಡು ದರಗಳನ್ನು ಒಂದೇ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಎಳೆದಿದ್ದರೆ, ಅವುಗಳ ನಡುವಿನ ಅಂತರವೇ ಸಾಲಗಾರ ಯಾವ ಸೇವೆಯನ್ನೂ ಪಡೆಯದೆ ಪ್ರತಿ ಕಂತಿನಲ್ಲೂ ತೆರುವ ಹಣವೆಂದು ಲೆಕ್ಕ ಬಾರದವರಿಗೂ ಕಾಣುತ್ತಿತ್ತು.

ಕಾಲಾವಧಿಯ ವಿಷಯದಲ್ಲಿ ಇಂಥ ಚಿತ್ರ ಇನ್ನೂ ಖಚಿತವಾಗಿ ಮಾತಾಡುತ್ತದೆ. ಭಾರತದ ಸುಪ್ರೀಂ ಕೋರ್ಟ್ 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದ ತೀರ್ಪು ನೀಡುವಾಗ ಬಿಲ್ಡರ್ ಮತ್ತು ಫ್ಲ್ಯಾಟ್ ಖರೀದಿದಾರರ ನಡುವಿನ ಕರಾರಿನ ಕಲಮುಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸಿತ್ತು. ಖರೀದಿದಾರ ಕಂತು ತಡ ಮಾಡಿದರೆ ವರ್ಷಕ್ಕೆ ಶೇ 18ರಷ್ಟು ಬಡ್ಡಿ; ಬಾಕಿ 30 ದಿನ ದಾಟಿದರೆ ಹಂಚಿಕೆಯನ್ನೇ ರದ್ದು ಮಾಡುವ ಅಧಿಕಾರ ಬಿಲ್ಡರ್‌ಗೆ. ಬಿಲ್ಡರ್ ಮನೆ ಕೊಡುವುದನ್ನು ತಡ ಮಾಡಿದರೆ, ಗಡುವಿನ ಮೇಲೆ ಬಿಲ್ಡರ್‌ಗೆ ಸಿಗುವ ಹೆಚ್ಚುವರಿ ಅವಧಿ ಮುಗಿದ ಮೇಲೂ ಖರೀದಿದಾರ 12 ತಿಂಗಳು ಕಾಯಬೇಕು, ಬಳಿಕ 90 ದಿನಗಳ ನೋಟಿಸ್ ಕೊಡಬೇಕು, ಅದಾದ ಮೇಲೆ ಹಣ ಮರಳಿಸಲು ಬಿಲ್ಡರ್‌ಗೆ ಮತ್ತೆ 90 ದಿನಗಳ ಅವಕಾಶ. ಅದನ್ನೂ ಮೀರಿದರೆ ಮಾತ್ರ ಬಡ್ಡಿ, ಅದೂ ಶೇ 9. ನ್ಯಾಯಾಲಯ ಇದನ್ನು ಏಕಪಕ್ಷೀಯ ಮತ್ತು ಅನ್ಯಾಯದ ಕರಾರು ಎಂದು ಕರೆಯಿತು. ಈ ಕಲಮುಗಳನ್ನು ಒಂದು ಕಾಲರೇಖೆಯ ಮೇಲೆ ಗುರುತಿಸಿ ನೋಡಿ. ಒಂದು ಕಡೆ 30 ದಿನಗಳ ಗಿಡ್ಡ ಪಟ್ಟಿ, ಇನ್ನೊಂದು ಕಡೆ ಸುಮಾರು ಹದಿನೆಂಟು ತಿಂಗಳ ಉದ್ದನೆಯ ಪಟ್ಟಿ. ಕಾನೂನು ಓದದ ವ್ಯಕ್ತಿಯೂ, ಸಹಿ ಹಾಕುವ ದಿನವೇ, ಹೀಗೇಕೆ ಎಂದು ಕೇಳಬಹುದಾಗಿತ್ತು. ಅದೇ ಪ್ರಶ್ನೆಯನ್ನು ಕೇಳಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಕಾನೂನು ‘ನ್ಯಾಯ’ವನ್ನು ಅಳೆಯುವ ರೀತಿಯೇ ಇಂಥ ಚಿತ್ರವನ್ನು ಬೇಡುತ್ತದೆ. ಐರೋಪ್ಯ ಒಕ್ಕೂಟದ 1993ರ ನಿರ್ದೇಶನವು, ಗ್ರಾಹಕನ ಜೊತೆ ಚರ್ಚಿಸದೆ ಸೇರಿಸಿದ ಷರತ್ತೊಂದು ಸದ್ಭಾವನೆಗೆ ವಿರುದ್ಧವಾಗಿ ಪಕ್ಷಗಾರರ ಹಕ್ಕು ಮತ್ತು ಹೊಣೆಗಳ ನಡುವೆ ಗಮನಾರ್ಹ ಅಸಮತೋಲನ ಉಂಟುಮಾಡಿ ಗ್ರಾಹಕನಿಗೆ ಹಾನಿ ತಂದರೆ ಅದು ಅನ್ಯಾಯದ್ದು ಎನ್ನುತ್ತದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಿಪರೀತ ಭದ್ರತಾ ಠೇವಣಿ, ಆದ ನಷ್ಟಕ್ಕೆ ಹೋಲಿಸಿದರೆ ಮಿತಿಮೀರಿದ ದಂಡ, ಅವಧಿಗೆ ಮುನ್ನ ಸಾಲ ತೀರಿಸಲು ಬಂದರೆ ನಿರಾಕರಣೆ, ಸಮಂಜಸ ಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರು ಮುರಿಯುವ ಅಧಿಕಾರ, ಒಪ್ಪಿಗೆಯಿಲ್ಲದೆ ಕರಾರನ್ನು ಬೇರೊಬ್ಬರಿಗೆ ವರ್ಗಾಯಿಸುವುದು ಇತ್ಯಾದಿಗಳನ್ನು ಅನ್ಯಾಯದ ಕರಾರಿನ ಲಕ್ಷಣಗಳೆಂದು ಪಟ್ಟಿ ಮಾಡಿದೆ. ಅಸಮತೋಲನ ಎಂಬ ಶಬ್ದ ಬಂದ ಕೂಡಲೇ ಎರಡು ಬದಿಗಳು ಬಂದವು, ಹೋಲಿಕೆಗೆ ಒಂದು ಅಳತೆಯೂ ಬೇಕಾಯಿತು. ಭಾರತದಲ್ಲೇ 2016ರ ರಿಯಲ್ ಎಸ್ಟೇಟ್ ಕಾಯ್ದೆಯು ಪ್ರವರ್ತಕರು, ಅಂದರೆ ಬಿಲ್ಡರ್‌ಗಳು, ವಿಧಿಸುವ ಬಡ್ಡಿಯ ದರವೂ ತಾವು ತಪ್ಪಿದಾಗ ಕೊಡಬೇಕಾದ ಬಡ್ಡಿಯ ದರವೂ ಸಮವಾಗಿರಬೇಕು ಎಂದು ಹೇಳುವಾಗ ಇದೇ ಎರಡು ಬದಿಗಳ ವಿಚಾರವನ್ನು ಅಂಗೀಕರಿಸಿದೆ.

ಕರಾರಿಗೂ ಚಿತ್ರಕ್ಕೂ ಇರುವ ನಂಟು ಹೊಸದಲ್ಲ. ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ 1956ರಷ್ಟು ಹಿಂದೆಯೇ, ಕೆಲವು ಷರತ್ತುಗಳು ಎಷ್ಟು ಕಠೋರವಾಗಿವೆಯೆಂದರೆ ಅವುಗಳನ್ನು ಕೆಂಪು ಶಾಯಿಯಲ್ಲಿ ಮುದ್ರಿಸಿ, ಅವುಗಳತ್ತ ಬೆರಳು ತೋರುವ ಕೆಂಪು ಕೈಯೊಂದನ್ನೂ ಬರೆಯಬೇಕಾದೀತು ಎಂಬ ಅಭಿಪ್ರಾಯ ವ್ಯಕ್ತಪಡಿಸಿದ್ದರು. ಅಮೆರಿಕ 1988ರ ಕಾಯ್ದೆಯಿಂದ ಕ್ರೆಡಿಟ್ ಕಾರ್ಡಿನ ಬಡ್ಡಿ ಮತ್ತು ಶುಲ್ಕಗಳನ್ನು ಕೋಷ್ಟಕದಲ್ಲಿ ತೋರಿಸುವುದನ್ನು ಕಡ್ಡಾಯ ಮಾಡಿತು. ದಕ್ಷಿಣ ಆಫ್ರಿಕಾದ ವಕೀಲ ರಾಬರ್ಟ್ ಡಿ ರೂಯ್ ಹಣ್ಣಿನ ತೋಟದ ಕಾರ್ಮಿಕರಿಗಾಗಿ ಇಡೀ ಉದ್ಯೋಗ ಕರಾರನ್ನೇ ಕಾಮಿಕ್ಸ್ ರೂಪದಲ್ಲಿ ಸಿದ್ಧಪಡಿಸಿದರು. ಅಲ್ಲಿ ಚಿತ್ರಗಳೇ ಕರಾರು, ಕಾರ್ಮಿಕರು ಸಹಿ ಹಾಕುವುದೂ ಅದಕ್ಕೇ. ಫಿನ್ಲೆಂಡಿನ ಹೆಲೆನಾ ಹಾಪಿಯೊ ಮತ್ತು ಸ್ಟೆಫಾನಿಯಾ ಪಸೇರಾ ಕರಾರುಗಳಲ್ಲಿ ಕಾಲರೇಖೆ, ಹರಿವಿನ ನಕ್ಷೆ, ಚಿಹ್ನೆಗಳನ್ನು ಬಳಸುವ ಕುರಿತು ವರ್ಷಗಳಿಂದ ಸಂಶೋಧನೆ ನಡೆಸಿದ್ದಾರೆ. ಇವರೆಲ್ಲರ ಬಗ್ಗೆ ನನಗೆ ಅಪಾರ ಗೌರವವಿದೆ, ವಿಶೇಷವಾಗಿ ಓದು ಬರಹ ಸರಿಯಾಗಿ ಬಾರದವರನ್ನು ಕರಾರಿನ ಒಳಗೆ ನಿಜವಾಗಿ ಕರೆದುತಂದ ಡಿ ರೂಯ್ ಅವರ ಬಗ್ಗೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಈ ಪ್ರಯತ್ನಗಳಲ್ಲಿ ಬಹುಪಾಲು ಉತ್ತರಿಸುವುದು ‘ನನಗೆ ಅರ್ಥವಾಯಿತೇ?’ ಎಂಬ ಪ್ರಶ್ನೆಗೆ. ‘ಇದು ನ್ಯಾಯವೇ?’ ಎಂಬುದು ಬೇರೆ ಪ್ರಶ್ನೆ. ತೀರಾ ಅನ್ಯಾಯದ ಕರಾರನ್ನೂ ಸುಂದರವಾದ ಚಿತ್ರಗಳಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ಬಿಡಿಸಬಹುದು. ಅರ್ಥವಾಗಿಯೂ ಸಹಿ ಹಾಕದೆ ವಿಧಿಯಿಲ್ಲದವರು ಲಕ್ಷಾಂತರ ಜನರಿದ್ದಾರೆ. ಭಾರತೀಯ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯ ಅಂಶಗಳ ವಿವರಣೆಯನ್ನು ಕಡ್ಡಾಯ ಮಾಡಿದೆ. ಎಲ್ಲ ಶುಲ್ಕಗಳೂ ಸೇರಿ ವಾರ್ಷಿಕವಾಗಿ ಬೀಳುವ ಒಟ್ಟು ವೆಚ್ಚದ ದರವನ್ನು ಅದು ಒಂದೆಡೆ ತೋರಿಸುತ್ತದೆ. ಅದು ಸ್ವಾಗತಾರ್ಹ, ಸಾಲಗಳನ್ನು ಪರಸ್ಪರ ಹೋಲಿಸಲು ಬಹಳ ಉಪಯುಕ್ತ. ಅಮೆರಿಕದ ಕೋಷ್ಟಕದಂತೆ ಅದರ ಮುಖ್ಯ ಉದ್ದೇಶವೂ ಸಾಲಗಾರ ಏನು ಕೊಡಬೇಕು ಎಂಬುದನ್ನು ಸ್ಪಷ್ಟಪಡಿಸುವುದು. ಸಾಲಗಾರನ ಒಂದೊಂದು ತಪ್ಪಿನ ಎದುರಿಗೆ ಸಾಲ ಕೊಟ್ಟವರ ಅಂಥದೇ ತಪ್ಪನ್ನು ಇಟ್ಟು, ಇಬ್ಬರಿಗೂ ಬೀಳುವ ಪರಿಣಾಮವನ್ನು ತೂಗಿ ನೋಡುವ ಹಾಳೆ ಅದಲ್ಲ.

ನಾನು ಹೇಳುತ್ತಿರುವ ಹಾಳೆ ಸರಳವಾದದ್ದು. ಪೆನ್ಸಿಲ್ ಮತ್ತು ಬಿಳಿ ಕಾಗದ ಇದ್ದರೆ ಯಾರು ಬೇಕಾದರೂ ಎಳೆದುಕೊಳ್ಳಬಹುದು. ಎಡಬದಿಯಲ್ಲಿ ಸಂದರ್ಭಗಳನ್ನು ಒಂದರ ಕೆಳಗೊಂದು ಬರೆಯಬೇಕು: ತಡವಾದಾಗ, ಮಧ್ಯದಲ್ಲೇ ಹೊರಬರಬೇಕಾದಾಗ, ಷರತ್ತು ಬದಲಾಯಿಸಬೇಕಾದಾಗ, ನಷ್ಟ ಉಂಟಾದಾಗ, ವ್ಯಾಜ್ಯ ಹುಟ್ಟಿದಾಗ. ಪಕ್ಕದಲ್ಲಿ ಎರಡು ಅಂಕಣಗಳು, ಒಂದು ಕರಡು ಬರೆದವರಿಗೆ, ಇನ್ನೊಂದು ಸಹಿ ಹಾಕುವವರಿಗೆ. ಪ್ರತಿ ಚೌಕದಲ್ಲೂ ತೀರ್ಮಾನಿಸುವವರು ಯಾರು, ಎಷ್ಟು ದಿನಗಳ ಮುನ್ಸೂಚನೆ, ಎಷ್ಟು ಹಣ, ಯಾವ ಕಲಮು ಎಂಬಿಷ್ಟನ್ನು ತುಂಬಬೇಕು. ದಿನಗಳನ್ನೂ ಹಣವನ್ನೂ ಸಂಖ್ಯೆಯ ಜೊತೆಗೆ ಅದೇ ಅಳತೆಯ ಪಟ್ಟಿಗಳಾಗಿಯೂ ಎಳೆಯಬೇಕು. ಇದನ್ನು ತುಂಬಲು ಹೊರಟಾಗ ಎದುರಾಗುವ ಅತಿ ಮುಖ್ಯವಾದ ಸಂಗತಿ ಖಾಲಿ ಚೌಕ. ಓದುವಾಗ ಬರೆದದ್ದು ಕಣ್ಣಿಗೆ ಬೀಳುತ್ತದೆಯೇ ಹೊರತು ಬರೆಯದೆ ಬಿಟ್ಟದ್ದು ಕಾಣುವುದಿಲ್ಲ. ಸೇವೆ ನಿಂತುಹೋದರೆ ಕಂಪನಿ ಏನು ಕೊಡುತ್ತದೆ ಎಂಬುದರ ಬಗ್ಗೆ ಕರಾರು ಮೌನವಾಗಿದ್ದರೆ, ಆ ಮೌನಕ್ಕೆ ಪುಟ ಸಂಖ್ಯೆ ಇರುವುದಿಲ್ಲ, ಕಲಮಿನ ಸಂಖ್ಯೆಯೂ ಇರುವುದಿಲ್ಲ. ಹಾಳೆಯ ಮೇಲೆ ಮಾತ್ರ ಅದಕ್ಕೊಂದು ಜಾಗವಿರುತ್ತದೆ. ನನ್ನ ಮಟ್ಟಿಗೆ ಈ ಇಡೀ ಪದ್ಧತಿಯ ದೊಡ್ಡ ಪ್ರಯೋಜನವೇ ಇದು.

ಕೋಷ್ಟಕಕ್ಕೆ ನಿಲುಕದ ಒಂದು ವಿಷಯವಿದೆ. ‘ಕಲಮು ಇಂತಿಷ್ಟಕ್ಕೆ ಒಳಪಟ್ಟು’, ‘ಅನುಬಂಧದಲ್ಲಿ ಹೇಳಿರುವುದನ್ನು ಹೊರತುಪಡಿಸಿ’ ಎಂಬಂಥ ಪದಗುಚ್ಛಗಳು ಓದುಗನನ್ನು ಕರಾರಿನ ತುಂಬ ಓಡಾಡಿಸುತ್ತವೆ. ಅವುಗಳಿಗೆ ಹರಿವಿನ ನಕ್ಷೆಯೇ ಬೇಕು. ‘ನಾನು ಈ ಕರಾರಿನಿಂದ ಹೊರಬರಬೇಕು’ ಎಂಬ ಬಿಂದುವಿನಿಂದ ಹೊರಟು, ಕರಾರು ಹೇಳುವ ಪ್ರತಿ ಹೆಜ್ಜೆಗೂ ಒಂದು ಬಾಣ ಎಳೆಯುತ್ತಾ ಹೋದರೆ, ಕೆಲವು ಕರಾರುಗಳಲ್ಲಿ ಬಾಣಗಳು ಸುತ್ತಿ ಸುತ್ತಿ ‘ಸಂಸ್ಥೆಯ ತೀರ್ಮಾನವೇ ಅಂತಿಮ’ ಎಂಬ ಒಂದೇ ಪೆಟ್ಟಿಗೆಗೆ ಬಂದು ನಿಲ್ಲುತ್ತವೆ. ಎದುರು ಪಕ್ಷ ಹೊರಹೋಗುವ ದಾರಿಯನ್ನು ಪಕ್ಕದಲ್ಲೇ ಬರೆದರೆ ಒಂದೇ ಬಾಣ ಸಾಕಾಗುತ್ತದೆ.

ಚಿತ್ರಗಳೂ ಸುಳ್ಳು ಹೇಳಬಲ್ಲವು ಎಂಬ ಎಚ್ಚರ ನಮಗಿರಬೇಕು. ಸೊನ್ನೆಯಿಂದ ಆರಂಭವಾಗದ ಅಳತೆಯಲ್ಲಿ ಎಳೆದ ಪಟ್ಟಿಗಳು ಸಣ್ಣ ವ್ಯತ್ಯಾಸವನ್ನು ದೊಡ್ಡದಾಗಿ ತೋರಿಸುತ್ತವೆ. ಬೇರೆ ಬೇರೆ ಅಳತೆ ಬಳಸಿದರೆ ದೊಡ್ಡ ವ್ಯತ್ಯಾಸ ಮಾಯವಾಗುತ್ತದೆ. ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದವರಿಗೆ ಬಣ್ಣಗಳ ಸಂಕೇತ ನಿರುಪಯೋಗಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇಡೀ ಕರಾರಿಗೆ ಒಂದೇ ಅಂಕ, ಒಂದೇ ಬಣ್ಣ ಅಥವಾ ಒಂದೇ ಅಕ್ಷರದ ಶ್ರೇಣಿ ಕೊಡುವ ಪ್ರವೃತ್ತಿ. 2012ರಲ್ಲಿ ಆರಂಭವಾದ ‘ಟರ್ಮ್ಸ್ ಆಫ್ ಸರ್ವಿಸ್; ಡಿಡ್ನ್ಟ್ ರೀಡ್’ ಎಂಬ ಯೋಜನೆ ಜಾಲತಾಣಗಳ ಷರತ್ತುಗಳನ್ನು ಪರಿಶೀಲಿಸಿ ಎ ಯಿಂದ ಇ ವರೆಗಿನ ಶ್ರೇಣಿ ನೀಡುತ್ತಾ ಬಂದಿದೆ. ಪ್ರತಿ ಷರತ್ತಿನ ಬಗ್ಗೆ ಟಿಪ್ಪಣಿಗಳನ್ನೂ ಕೊಡುವುದರಿಂದ ಆ ಶ್ರಮ ಮೆಚ್ಚತಕ್ಕದ್ದೇ. ಆದರೆ ಸಣ್ಣಪುಟ್ಟ ಒಳ್ಳೆಯ ಷರತ್ತುಗಳು ಹತ್ತಿದ್ದು, ಎಲ್ಲ ಹೊಣೆಯನ್ನೂ ತಳ್ಳಿಹಾಕುವ ಒಂದೇ ಷರತ್ತು ಇದ್ದರೆ ಆ ಕರಾರನ್ನು ಯಾವ ಅಕ್ಷರದಿಂದ ಕರೆಯುವುದು? ಸರಾಸರಿ ತೆಗೆದ ಕ್ಷಣವೇ ಆ ಒಂದು ಷರತ್ತು ಮರೆಯಾಗುತ್ತದೆ. ಯುರೋಪಿನ ಕ್ಲಾಡೆಟ್ ಯೋಜನೆಯು ಯಂತ್ರ ಕಲಿಕೆಯ ಸಹಾಯದಿಂದ ಅನುಮಾನಾಸ್ಪದ ಷರತ್ತುಗಳನ್ನು ಗುರುತಿಸುವ ಪ್ರಯತ್ನ ಮಾಡಿದ್ದು, ಏಕಪಕ್ಷೀಯ ಬದಲಾವಣೆ, ಏಕಪಕ್ಷೀಯ ರದ್ದತಿ, ಹೊಣೆಗಾರಿಕೆಯ ಮಿತಿ, ನ್ಯಾಯಾಲಯದ ವ್ಯಾಪ್ತಿ ಎಂದು ಅವುಗಳನ್ನು ವಿಂಗಡಿಸುತ್ತದೆ. ಹಾಳೆಯ ಸಾಲುಗಳನ್ನು ನಿರ್ಧರಿಸಲು ಇಂಥ ವಿಂಗಡಣೆ ನೆರವಾದೀತು. ತೀರ್ಪು ಮನುಷ್ಯರದೇ ಆಗಿರಲಿ.

ಎರಡು ಬದಿಗಳು ಸಮವಾಗಿಲ್ಲದ್ದೆಲ್ಲ ಅನ್ಯಾಯವೂ ಅಲ್ಲ. ಹಣವನ್ನು ಮೊದಲೇ ಕೊಟ್ಟವರಿಗೆ ಅದು ಮರಳಿ ಬಾರದಿರುವ ಅಪಾಯವಿರುತ್ತದೆ, ಹಾಗಾಗಿ ಅವರು ಕೇಳುವ ಭದ್ರತೆ ಹೆಚ್ಚಿರುವುದು ಸಹಜ. ವಿಮಾ ಕಂಪನಿಯು ಅರ್ಜಿದಾರನಿಗಷ್ಟೇ ಗೊತ್ತಿರುವ ಸಂಗತಿಗಳನ್ನು ಪ್ರಾಮಾಣಿಕವಾಗಿ ತಿಳಿಸಬೇಕೆಂದು ಹೇಳುವುದೂ ತಪ್ಪಲ್ಲ. ಆದ್ದರಿಂದಲೇ ಆ ಹಾಳೆಗೆ ಮೂರನೆಯ ಅಂಕಣವೊಂದು ಬೇಕು, ಅದರ ಹೆಸರು ‘ಕಾರಣ’. ಪಟ್ಟಿಗಳ ಉದ್ದ ಎಲ್ಲಿ ಸಮವಾಗಿಲ್ಲವೋ ಅಲ್ಲಿ ಅದಕ್ಕೆ ಕಾರಣವೇನೆಂದು ಕರಡು ಬರೆದವರೇ ಒಂದು ವಾಕ್ಯದಲ್ಲಿ ಬರೆಯಬೇಕು. ಇದು ನನ್ನ ಸ್ವಂತ ಕಲ್ಪನೆಯ ಕಟ್ಟಳೆ ಎಂದು ಯಾರೂ ಭಾವಿಸಬೇಕಿಲ್ಲ. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನಲ್ಲಿ, ಷರತ್ತಿನಿಂದ ಲಾಭ ಪಡೆಯುವ ಪಕ್ಷವು ತನ್ನ ನ್ಯಾಯಬದ್ಧ ಹಿತಾಸಕ್ತಿಯನ್ನು ಕಾಪಾಡಿಕೊಳ್ಳಲು ಆ ಷರತ್ತು ಅಗತ್ಯವೆಂದು ಸಾಬೀತು ಮಾಡದ ಹೊರತು, ಅದು ಅಗತ್ಯವಲ್ಲ ಎಂದೇ ಭಾವಿಸಲಾಗುತ್ತದೆ. 2023ರ ನವೆಂಬರ್ 9ರಿಂದ ಅಲ್ಲಿ ಅನ್ಯಾಯದ ಷರತ್ತನ್ನು ಸೇರಿಸುವುದಕ್ಕೇ ಭಾರೀ ದಂಡವಿದೆ. ಸಾಬೀತುಪಡಿಸುವ ಹೊರೆ ಹೇಗೂ ಅವರ ಮೇಲಿರುವಾಗ, ಕಾರಣವನ್ನು ವ್ಯಾಜ್ಯ ಹುಟ್ಟಿದ ಮೇಲೆ ಹುಡುಕುವ ಬದಲು ಸಹಿಗೆ ಮೊದಲೇ ಬರೆದುಕೊಡಲು ಅಡ್ಡಿಯೇನು?

ಈಗಾಗಲೇ ಕಾಗದಗಳ ರಾಶಿಯಿರುವಾಗ ಇನ್ನೊಂದು ಹಾಳೆಯನ್ನು ಯಾರು ನೋಡುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಡ್ಡಾಯ ಪ್ರಕಟಣೆಗಳಿಂದ ಜನರ ತೀರ್ಮಾನಗಳು ಸುಧಾರಿಸಿಲ್ಲ ಎಂದು ವಾದಿಸುವ ವಿದ್ವಾಂಸರಿದ್ದಾರೆ, ಅವರ ವಾದದಲ್ಲಿ ಹುರುಳಿದೆ. ಆದರೆ ಈ ಹಾಳೆಯ ಮುಖ್ಯ ಓದುಗ ಸಹಿ ಹಾಕುವ ಒಬ್ಬ ವ್ಯಕ್ತಿಯಲ್ಲ. ಮುದ್ರಿತ ಮಾದರಿಯ ಕರಾರು ಎಂದರೆ ಸಾವಿರಾರು, ಲಕ್ಷಾಂತರ ಜನ ಸಹಿ ಹಾಕುವ ಒಂದೇ ಪಠ್ಯ. ಅದರ ಹಾಳೆಯನ್ನು ಒಂದು ಗ್ರಾಹಕ ಸಂಘಟನೆ, ಒಂದು ಕಾರ್ಮಿಕ ಸಂಘ, ಒಬ್ಬ ವರದಿಗಾರ ಅಥವಾ ನಿಯಂತ್ರಣ ಪ್ರಾಧಿಕಾರದ ಒಬ್ಬ ಅಧಿಕಾರಿ ಗಮನವಿಟ್ಟು ನೋಡಿ ಪ್ರಶ್ನೆ ಎತ್ತಿದರೆ, ಆ ಪ್ರಶ್ನೆ ಎಲ್ಲರ ಪರವಾಗಿ ಕೇಳಿದಂತಾಗುತ್ತದೆ. ಸಾವಿರದಲ್ಲಿ ಒಬ್ಬರು ಓದಿದರೂ ಸಾಕು, ಅವರಿಗೆ ಓದಿದ್ದನ್ನು ಇತರರಿಗೆ ತೋರಿಸಲು ಬರುವಂತಿರಬೇಕು. ನಲವತ್ತು ಪುಟಗಳ ದಸ್ತಾವೇಜನ್ನು ತೋರಿಸಲಾಗದು, ಒಂದು ಹಾಳೆಯನ್ನು ತೋರಿಸಬಹುದು.

ಆ ಹಾಳೆಗೆ ಕಾನೂನಿನ ಬಲ ಇರಬೇಕಾದ್ದು ಅನಿವಾರ್ಯ. ಇಲ್ಲದಿದ್ದರೆ ಅದು ಜಾಹೀರಾತಿನ ಇನ್ನೊಂದು ರೂಪವಾಗಿ, ಹಿತವಾದದ್ದನ್ನು ಚಿತ್ರದಲ್ಲಿ ತೋರಿಸಿ ಕಹಿಯಾದದ್ದನ್ನು ಸಣ್ಣ ಅಕ್ಷರಗಳಲ್ಲಿ ಉಳಿಸಿಕೊಳ್ಳುವ ಉಪಾಯವಾಗಿಬಿಡುತ್ತದೆ. ಹಾಳೆಯ ಸಾಲುಗಳು ಯಾವುವು, ಅಳತೆ ಯಾವುದು ಎಂಬುದನ್ನು ಕರಡು ಬರೆದವರು ತೀರ್ಮಾನಿಸದೆ ನಿಯಂತ್ರಣ ಪ್ರಾಧಿಕಾರವೇ ಗೊತ್ತುಪಡಿಸಬೇಕು. ಹಾಳೆಗೂ ಕರಾರಿನ ಪಠ್ಯಕ್ಕೂ ಹೊಂದಿಕೆಯಾಗದಿದ್ದರೆ ಸಹಿ ಹಾಕಿದವರಿಗೆ ಯಾವುದು ಅನುಕೂಲವೋ ಅದೇ ಊರ್ಜಿತವಾಗಬೇಕು. ಅರ್ಥದ ಬಗ್ಗೆ ಸಂಶಯವಿದ್ದಾಗ ಗ್ರಾಹಕನಿಗೆ ಅನುಕೂಲವಾದ ಅರ್ಥವನ್ನೇ ಎತ್ತಿಹಿಡಿಯಬೇಕೆಂದು ಐರೋಪ್ಯ ನಿರ್ದೇಶನ ಹೇಳಿರುವುದರಿಂದ, ಇದು ಆ ತತ್ತ್ವದ ಮುಂದುವರಿಕೆಯಷ್ಟೇ.

ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಯಾವುದಾದರೂ ಮಾದರಿ ಕರಾರಿನ ಕುರಿತು ತಮ್ಮ ಪತ್ರಿಕೆಯಲ್ಲಿ ವರದಿ ಪ್ರಕಟವಾಗುವಾಗ, ವಕೀಲರ ಅಭಿಪ್ರಾಯ ಮತ್ತು ಕಂಪನಿಯ ಹೇಳಿಕೆಗಳ ಜೊತೆಗೆ ಅಂಗೈ ಅಗಲದ ಜಾಗದಲ್ಲಿ ಈ ಅಂಕಣಗಳ ಕೋಷ್ಟಕವನ್ನೂ ಮುದ್ರಿಸಬೇಕೆಂದು ವಿನಂತಿಸುತ್ತೇನೆ. ಓದುಗರು ಮೂಲ ಪಠ್ಯದೊಂದಿಗೆ ಹೋಲಿಸಿ ನೋಡಲು ಅನುಕೂಲವಾಗುವಂತೆ ಪ್ರತಿ ಚೌಕದಲ್ಲೂ ಕಲಮಿನ ಸಂಖ್ಯೆ ಇರಲಿ. ಕರಾರು ಏನನ್ನೂ ಹೇಳದ ಕಡೆ ಚೌಕವನ್ನು ಖಾಲಿಯಾಗಿಯೇ ಬಿಡಿ, ಆ ಸಾಲನ್ನು ಮಾತ್ರ ಕೈಬಿಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ